ಉತ್ತರಕ್ಕಿಂತ ಮೊದಲು ಅರ್ಥ: ಮಾತಿನ ಒಗಟುಗಳಿಂದ ಗಣಿತ ಕಲಿಸಿದ ಒಂದು ತರಗತಿಯ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ ಒಂದು ಆರನೇ ತರಗತಿಗೆ ಸಂಬಂಧಿಸಿದ್ದು. ಶಾಲೆಯ, ಶಿಕ್ಷಕಿಯ ಮತ್ತು ಮಕ್ಕಳ ಗುರುತು ಸಿಗದಂತೆ ಕೆಲವು ವಿವರಗಳನ್ನು ಕೈಬಿಟ್ಟಿದ್ದೇನೆ. ಮಕ್ಕಳನ್ನು ಕ, ಚ, ತ, ಪ ಎಂಬ ಅಕ್ಷರಗಳಿಂದಷ್ಟೇ ಕರೆದಿದ್ದೇನೆ. ಶಿಕ್ಷಕಿ ಗಣಿತ ಬೋಧನೆಯಲ್ಲಿ ಅನುಭವಿ. ನಾನು ತರಗತಿಯಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ, ಪಾಠ ಮುಗಿದ ಮೇಲೆ ಮುಂದಿನ ಹೆಜ್ಜೆಯ ಬಗ್ಗೆ ಅವರೊಂದಿಗೆ ಚರ್ಚಿಸುತ್ತಿದ್ದೆ. ತೀರ್ಮಾನಗಳೆಲ್ಲ ಅವರವೇ.

ತರಗತಿಯ ಮಕ್ಕಳು ಲೆಕ್ಕ ಮಾಡುವುದರಲ್ಲಿ ಹಿಂದುಳಿದವರಾಗಿರಲಿಲ್ಲ. ಮಗ್ಗಿ ಬಾಯಿಗೆ ಬರುತ್ತಿತ್ತು, ನಾಲ್ಕು ಮೂಲಕ್ರಿಯೆಗಳನ್ನು ಬಹುಪಾಲು ತಪ್ಪಿಲ್ಲದೆ ಮಾಡುತ್ತಿದ್ದರು, ಭಿನ್ನರಾಶಿಗಳನ್ನು ಕೂಡುವ ವಿಧಾನವೂ ಗೊತ್ತಿತ್ತು. ಆದರೆ ಅದೇ ಲೆಕ್ಕ ಎರಡು ಮೂರು ವಾಕ್ಯಗಳ ರೂಪದಲ್ಲಿ ಬಂದರೆ ಫಲಿತಾಂಶ ಕುಸಿಯುತ್ತಿತ್ತು. ‘ಒಟ್ಟು’ ಎಂದು ಕಂಡರೆ ಕೂಡುವುದು, ‘ಉಳಿದ’ ಎಂದು ಕಂಡರೆ ಕಳೆಯುವುದು, ‘ತಲಾ’ ಎಂದು ಕಂಡರೆ ಭಾಗಿಸುವುದು ಎಂಬ ಸುಳಿವುಪದಗಳ ಪಟ್ಟಿಯೊಂದು ಅವರ ತಲೆಯಲ್ಲಿ ಕುಳಿತಿತ್ತು. ಹಿಂದಿನ ತರಗತಿಗಳಲ್ಲಿ ಅದನ್ನು ಒಳ್ಳೆಯ ಉದ್ದೇಶದಿಂದಲೇ ಹೇಳಿಕೊಟ್ಟಿದ್ದರು.

ಸಮಸ್ಯೆ ಎಲ್ಲಿದೆ

ಹೇಳಿಕೆ ಲೆಕ್ಕಗಳನ್ನು ಇನ್ನಷ್ಟು ಅಭ್ಯಾಸ ಮಾಡಿಸಬೇಕು ಎಂಬುದು ಇಂಥ ಸಂದರ್ಭದಲ್ಲಿ ಯಾರಿಗಾದರೂ ಹೊಳೆಯುವ ಪರಿಹಾರ. ಶಿಕ್ಷಕಿ ಅದಕ್ಕೆ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿದರು. ಲೆಕ್ಕವನ್ನು ಓದಿಸಿ, ಪುಸ್ತಕ ಮುಚ್ಚಿಸಿ, ಅದರಲ್ಲಿ ಏನು ನಡೆಯಿತು ಎಂಬುದನ್ನು ಅಂಕಿಗಳಿಲ್ಲದೆ ಹೇಳಲು ಕೇಳಿದರು. ಬಹಳ ಮಕ್ಕಳಿಗೆ ಅಂಕಿಗಳು ನೆನಪಿದ್ದವು, ಸಂಗತಿ ನೆನಪಿರಲಿಲ್ಲ. ಮಕ್ಕಳು ಗಣಿತದಲ್ಲಿ ಎಡವುವ ಮೊದಲೇ ಓದಿನಲ್ಲಿ ಎಡವುತ್ತಿದ್ದಾರೆ ಎಂಬುದು ಅಲ್ಲಿ ಸ್ಪಷ್ಟವಾಯಿತು.

ಇದು ಈ ತರಗತಿಗಷ್ಟೇ ಸೀಮಿತವಾದ ದೋಷವಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಗಣಿತ ಬೋಧನೆಯ ಸಂಶೋಧಕರು ಸುಮಾರು 1980ರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳ ಮುಂದೆ ಒಂದು ಪ್ರಶ್ನೆ ಇಟ್ಟಿದ್ದರು: ಹಡಗಿನಲ್ಲಿ 26 ಕುರಿಗಳೂ 10 ಮೇಕೆಗಳೂ ಇವೆ, ಹಡಗಿನ ಕಪ್ತಾನನ ವಯಸ್ಸೆಷ್ಟು? ಕೇಳಿದ 97 ಮಕ್ಕಳಲ್ಲಿ 76 ಮಂದಿ ಕೊಟ್ಟ ಅಂಕಿಗಳನ್ನೇ ಹೇಗೋ ಸೇರಿಸಿ ಒಂದು ವಯಸ್ಸು ಹೇಳಿದರು. ಆ ಮಕ್ಕಳು ದಡ್ಡರಲ್ಲ. ಲೆಕ್ಕ ಎಂದ ಮೇಲೆ ಅದಕ್ಕೊಂದು ಉತ್ತರ ಇದ್ದೇ ಇರುತ್ತದೆ, ಕೊಟ್ಟ ಅಂಕಿಗಳನ್ನೆಲ್ಲ ಬಳಸಲೇಬೇಕು ಎಂಬ ಅಲಿಖಿತ ಒಪ್ಪಂದವನ್ನು ಅವರು ನಿಷ್ಠೆಯಿಂದ ಪಾಲಿಸಿದ್ದರು. ಆ ಒಪ್ಪಂದವನ್ನು ಮುರಿಯದೆ ಅಭ್ಯಾಸ ಹೆಚ್ಚಿಸಿದರೆ ಒಪ್ಪಂದವೇ ಗಟ್ಟಿಯಾಗುತ್ತದೆ. ಮಾತಿನ ಮೇಲೆ ನಿಂತ ಒಗಟುಗಳನ್ನು ತರಗತಿಗೆ ತರುವ ಯೋಚನೆ ಬಂದದ್ದು ಈ ಕಾರಣಕ್ಕೆ. ಒಗಟಿನಲ್ಲಿ ಮೊದಲ ಓದು ಸಾಲುವುದಿಲ್ಲ ಎಂಬುದನ್ನು ಮಗು ತಾನಾಗಿಯೇ ಒಪ್ಪಿಕೊಂಡಿರುತ್ತದೆ.

ಮೊದಲ ಪ್ರಯತ್ನ ಮತ್ತು ಅದರ ಮಿತಿ

ಆರಂಭದಲ್ಲಿ ಪೀರಿಯಡ್ಡಿನ ಕೊನೆಗೆ ಒಂದೊಂದು ಒಗಟು ಕೇಳುವ ಕ್ರಮ ಇಟ್ಟುಕೊಳ್ಳಲಾಯಿತು. ‘ಹದಿನೇಳು ಕುರಿಗಳಿದ್ದವು. ಒಂಬತ್ತನ್ನು ಬಿಟ್ಟು ಉಳಿದವೆಲ್ಲ ಓಡಿಹೋದವು. ಈಗ ಉಳಿದದ್ದೆಷ್ಟು?’ ಎಂಬಂಥವು. ಮಕ್ಕಳಿಗೆ ಖುಷಿಯಾಯಿತು, ಗದ್ದಲವೂ ಆಯಿತು. ಆದರೆ ಕೆಲವೇ ದಿನಗಳಲ್ಲಿ ಒಂದು ವಿನ್ಯಾಸ ಕಾಣತೊಡಗಿತು. ಚುರುಕಾದ ಮೂವರು ನಾಲ್ವರು ಕೈಯೆತ್ತುತ್ತಿದ್ದರು, ಉಳಿದವರು ಅವರ ಬಾಯಿಯಿಂದ ಉತ್ತರ ಬರಲಿ ಎಂದು ಕಾಯುತ್ತಿದ್ದರು. ಒಗಟನ್ನು ಮೊದಲೇ ಕೇಳಿದ್ದವರು ಒಂದು ಕ್ಷಣವೂ ಯೋಚಿಸದೆ ಉತ್ತರ ಹೇಳಿ ಗೆದ್ದುಬಿಡುತ್ತಿದ್ದರು. ಉತ್ತರ ಬಂದೊಡನೆ ನಗು, ನಗುವಿನೊಡನೆ ಪಾಠ ಮುಕ್ತಾಯ. ಮರುದಿನದ ಹೇಳಿಕೆ ಲೆಕ್ಕಗಳಲ್ಲಿ ಅದರ ನೆರಳೂ ಇರುತ್ತಿರಲಿಲ್ಲ.

ಒಗಟು ಬಳಸಿ ಗಣಿತ ಕಲಿಸುತ್ತೇವೆ ಎಂದು ಹೊರಟವರು ಬಹಳ ಸಲ ಇಲ್ಲಿಯೇ ನಿಂತುಬಿಡುತ್ತಾರೆ ಎಂಬುದು ನನ್ನ ಅಭಿಪ್ರಾಯ. ಮಕ್ಕಳು ನಗುವುದು ಕಲಿಕೆಯ ಲಕ್ಷಣದಂತೆ ಕಾಣುವುದರಿಂದ ನಿಲ್ಲಿಸುವ ಕಾರಣವೂ ಕಾಣುವುದಿಲ್ಲ, ಬದಲಿಸುವ ಕಾರಣವೂ ಕಾಣುವುದಿಲ್ಲ. ಈ ಶಿಕ್ಷಕಿಗೆ ಕಾರಣ ಕಂಡದ್ದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ತ ಎಂಬ ಹುಡುಗಿಯಿಂದ. ಕುರಿಗಳ ಒಗಟಿಗೆ ಒಂಬತ್ತು ಎಂಬ ಉತ್ತರ ಸಿಕ್ಕು ಎಲ್ಲರೂ ನಕ್ಕ ಮೇಲೆ ಅವಳು ಮೆಲ್ಲಗೆ, ‘ಎಂಟು ಯಾಕಲ್ಲ ಟೀಚರ್? ಉಳಿದವೆಲ್ಲ ಓಡಿಹೋದವು ಅಂತ ಇದೆಯಲ್ಲ, ಆ ಉಳಿದವು ಎಂಟೇ ಅಲ್ಲವಾ?’ ಎಂದು ಕೇಳಿದಳು. ಆ ಪ್ರಶ್ನೆ ಉತ್ತರಕ್ಕಿಂತ ಆಳವಾದದ್ದು. ಒಗಟಿನಲ್ಲಿ ‘ಉಳಿದ’ ಎಂಬ ಮಾತು ಎರಡು ಸಲ ಬರುತ್ತದೆ. ಮೊದಲನೆಯದು ಓಡಿಹೋದ ಕುರಿಗಳನ್ನು ತೋರಿಸುತ್ತದೆ, ಎರಡನೆಯದು ಓಡದೆ ನಿಂತವನ್ನು ಕೇಳುತ್ತದೆ. ‘ಉಳಿದ ಎಂದರೆ ಕಳೆ’ ಎಂಬ ಸುಳಿವುಪದದ ಪಾಠ ಎಡವಿಸುವ ಜಾಗ ಇದೇ. ಒಂಬತ್ತು ಎಂದು ಕೂಗಿದವರಲ್ಲಿ ಹೆಚ್ಚಿನವರಿಗೆ ತಾವು ಏಕೆ ಸರಿ ಎಂದು ಹೇಳಲು ಬರಲಿಲ್ಲ. ತ ಮಾತ್ರ ವಾಕ್ಯವನ್ನು ನಿಜವಾಗಿ ಓದಿದ್ದಳು.

ತಿರುವು: ಉತ್ತರ ಹೇಳಬೇಡಿ, ಅರ್ಥ ಹೇಳಿ

ಅಂದಿನಿಂದ ನಿಯಮ ಬದಲಾಯಿತು. ಒಗಟು ಪೀರಿಯಡ್ಡಿನ ಕೊನೆಯಿಂದ ಆರಂಭಕ್ಕೆ ಬಂತು. ಉತ್ತರ ಹೇಳುವುದನ್ನು ಮೊದಲ ಕೆಲ ನಿಮಿಷ ನಿಷೇಧಿಸಲಾಯಿತು. ಅದರ ಬದಲು ಪ್ರತಿ ಜೋಡಿಯೂ ಚೀಟಿಯಲ್ಲಿ ಎರಡು ವಿಷಯ ಬರೆಯಬೇಕಿತ್ತು: ಈ ಮಾತನ್ನು ಎಷ್ಟು ರೀತಿ ಓದಬಹುದು, ಒಂದೊಂದು ಓದಿಗೂ ಯಾವ ಲೆಕ್ಕ ಹೊಂದುತ್ತದೆ. ಒಗಟು ಮೊದಲೇ ಗೊತ್ತಿದ್ದವನಿಗೆ ಈಗ ಅನುಕೂಲವೇನೂ ಉಳಿಯಲಿಲ್ಲ.

ಈ ಹೊಸ ಕ್ರಮದ ಮೊದಲ ಪಾಠವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಶಿಕ್ಷಕಿ ಬೋರ್ಡಿನ ಮೇಲೆ ಬರೆದದ್ದು ಇಷ್ಟೇ: ‘ನಾಲ್ಕು ಕಾಲು ಎಂದರೆ ಎಷ್ಟು?’ ಮೊದಲು ಬಂದದ್ದು ಮೇಜು, ಕುರ್ಚಿ, ಪ್ರಾಣಿಗಳ ಕಾಲು. ನಂತರ ಕ ಎಂಬ ಹುಡುಗ, ಕಾಲು ಎಂದರೆ ನಾಲ್ಕರಲ್ಲಿ ಒಂದು ಪಾಲು ಕೂಡ ಹೌದು, ಹಾಗಾದರೆ ನಾಲ್ಕು ಕಾಲು ಸೇರಿ ಒಂದಾಗುತ್ತದೆ ಎಂದು ಬರೆದ. ಚ ಅದನ್ನು ಒಪ್ಪಲಿಲ್ಲ. ನಾಲ್ಕೂ ಕಾಲು ಗಂಟೆ ಎನ್ನುತ್ತೇವಲ್ಲ, ಆದ್ದರಿಂದ ಇದು ನಾಲ್ಕರ ಮೇಲೆ ಕಾಲು ಎಂಬುದು ಅವಳ ವಾದ. ತರಗತಿ ಎರಡು ಪಕ್ಷವಾಯಿತು. ಶಿಕ್ಷಕಿ ತೀರ್ಪು ಕೊಡಲಿಲ್ಲ. ಎರಡನ್ನೂ ಗಟ್ಟಿಯಾಗಿ ಹೇಳಿಸಿದರು, ಮತ್ತೆ ಮತ್ತೆ ಹೇಳಿಸಿದರು. ಆಗ ‘ನಾಲ್ಕು ಕಾಲು’ ಮತ್ತು ‘ನಾಲ್ಕೂ ಕಾಲು’ ಎಂಬ ಎರಡರ ನಡುವೆ ಒಂದು ದೀರ್ಘದ ವ್ಯತ್ಯಾಸವಿದೆ ಎಂಬುದು ಮಕ್ಕಳ ಕಿವಿಗೇ ಬಿತ್ತು. ಒಂದರಲ್ಲಿ 4 × ¼, ಇನ್ನೊಂದರಲ್ಲಿ 4 + ¼. ಉತ್ತರ ಒಂದು ಕಡೆ 1, ಇನ್ನೊಂದು ಕಡೆ 4¼. ಗುಣಿಸುವುದೋ ಕೂಡುವುದೋ ಎಂಬುದನ್ನು ಒಂದು ಸ್ವರದ ಉದ್ದ ತೀರ್ಮಾನಿಸುತ್ತಿತ್ತು. ಅಷ್ಟರಲ್ಲಿ ಮತ್ತೊಬ್ಬ ಹುಡುಗ, ‘ಮೇಜಿನ ನಾಲ್ಕೂ ಕಾಲು ಮುರಿದಿದೆ’ ಎಂದರೂ ಅದೇ ದೀರ್ಘ ಬರುತ್ತದೆ, ಅಲ್ಲಿ ಕೂಡುವ ಮಾತೇ ಇಲ್ಲ ಎಂದು ತೋರಿಸಿಕೊಟ್ಟ. ಕಿವಿಯೊಂದೇ ಸಾಲದು, ಸಂದರ್ಭವನ್ನೂ ನೋಡಬೇಕು ಎಂಬುದು ಹೀಗೆ ಮಕ್ಕಳಿಂದಲೇ ಬಂತು.

ಆ ಪಾಠದ ನಿಜವಾದ ಫಲ ಯಾರೂ ನಿರೀಕ್ಷಿಸದ ಕಡೆ ಸಿಕ್ಕಿತು. ಮೂರು ಕಾಲು ಎಂದರೆ ಎಷ್ಟು ಎಂದು ಶಿಕ್ಷಕಿ ಮುಂದುವರಿಸಿದಾಗ, ಭಿನ್ನರಾಶಿಯನ್ನು ಅಂಶ ಛೇದಗಳ ಯಾಂತ್ರಿಕ ಆಟವಾಗಿಯೇ ಮಾಡುತ್ತಿದ್ದ ತ ತಲೆಯೆತ್ತಿ, ‘ಹಾಗಾದರೆ ಮುಕ್ಕಾಲು ಅಂದರೆ ಮೂರು ಕಾಲಾ?’ ಎಂದಳು. ¾ ಎಂಬುದು ¼ ಎಂಬ ತುಂಡು ಮೂರು ಸಲ ಎಂಬ ತಿಳಿವಳಿಕೆ, ಅಂದರೆ ಅಂಶದ ಜಾಗದಲ್ಲಿ 1 ಇರುವ ಏಕಾಂಶ ಭಿನ್ನರಾಶಿಗಳಿಂದ ಉಳಿದವನ್ನು ಕಟ್ಟಿಕೊಳ್ಳುವ ಕ್ರಮ, ಪಠ್ಯದಲ್ಲಿ ಹಲವು ಚಿತ್ರಗಳ ಮೂಲಕ ಬಂದು ಹೋಗಿತ್ತು. ದಿನವೂ ಆಡುವ ಮಾತಿನೊಳಗೆ ಅದು ಇದ್ದದ್ದನ್ನು ಅವಳು ಅಂದು ಕಂಡಳು. ಅಲ್ಲಿಂದಾಚೆಗೆ ¾ + ¼ ಎಂಬ ಲೆಕ್ಕಕ್ಕೆ ಅವಳು ಕಾಗದ ಹುಡುಕಲಿಲ್ಲ.

ಮುಂದಿನ ವಾರಗಳಲ್ಲಿ ಒಗಟುಗಳನ್ನು ಅವು ಬಚ್ಚಿಟ್ಟ ಗಣಿತದ ವಿಚಾರಕ್ಕೆ ತಕ್ಕಂತೆ ಆರಿಸಲಾಯಿತು. ‘30ನ್ನು ಅರ್ಧದಿಂದ ಭಾಗಿಸಿ 10 ಕೂಡಿಸು’ ಎಂಬುದಕ್ಕೆ 25 ಎಂದವರು ವಿಭಕ್ತಿಯನ್ನು ಗಮನಿಸಿರಲಿಲ್ಲ. ಅರ್ಧ ಮಾಡುವುದು ಬೇರೆ, ಅರ್ಧದಿಂದ ಭಾಗಿಸುವುದು ಬೇರೆ. ಮೂವತ್ತರಲ್ಲಿ ಎಷ್ಟು ಅರ್ಧಗಳಿವೆ ಎಂದು ಕೇಳಿಕೊಂಡರೆ 60, ಹತ್ತು ಸೇರಿದರೆ 70. ‘25ರಿಂದ 5ನ್ನು ಎಷ್ಟು ಸಲ ಕಳೆಯಬಹುದು?’ ಎಂಬುದು ಇನ್ನೂ ಸೊಗಸಾದದ್ದು. ಒಂದೇ ಸಲ, ಆಮೇಲೆ ಅದು 25 ಅಲ್ಲ, 20 ಎಂಬುದು ಒಗಟಿನ ಪ್ರಸಿದ್ಧ ಉತ್ತರ. ಐದು ಸಲ ಎಂಬುದು ಭಾಗಾಕಾರದ ಅರ್ಥ. ಸೊನ್ನೆಯ ಕೆಳಗೂ ಸಂಖ್ಯೆಗಳಿವೆ ಎಂದು ಒಪ್ಪಿದರೆ ಕೊನೆಯೇ ಇಲ್ಲ ಎಂಬುದು ಕ ಹೇಳಿದ ಮೂರನೆಯ ಓದು, ಋಣ ಸಂಖ್ಯೆಗಳ ಪಾಠಕ್ಕೆ ಬಾಗಿಲು. ಮೂರೂ ಸರಿ, ‘ಕಳೆಯಬಹುದು’ ಎಂಬುದಕ್ಕೆ ನಾವು ಏನೆಂದು ಒಪ್ಪಿಕೊಂಡಿದ್ದೇವೆ ಎಂಬುದರ ಮೇಲೆ. ವ್ಯಾಖ್ಯೆ ಎಂಬುದು ಬಾಯಿಪಾಠ ಮಾಡುವ ವಾಕ್ಯವಲ್ಲ, ಒಪ್ಪಂದ ಎಂಬ ಅರಿವು ಈ ವಯಸ್ಸಿನಲ್ಲಿ ಮೂಡಿದರೆ ಅದು ದೊಡ್ಡ ಗಳಿಕೆ ಎಂದು ನಾನು ನಂಬುತ್ತೇನೆ.

ಅನುಮಾನದ ಕಾಯಿಲೆ

ಇಷ್ಟರಲ್ಲಿ ಹೊಸ ತೊಂದರೆ ತಲೆದೋರಿತು. ಒಂದು ಕಿರುಪರೀಕ್ಷೆಯಲ್ಲಿ ಮರದ ಮೇಲೆ 12 ಹಕ್ಕಿಗಳಿದ್ದವು, 4 ಹಾರಿಹೋದವು, ಎಷ್ಟು ಉಳಿದವು ಎಂಬ ಸರಳ ಲೆಕ್ಕವಿತ್ತು. ಸೊನ್ನೆ ಎಂದು ಬರೆದವರು ಒಬ್ಬಿಬ್ಬರಲ್ಲ. ನಾಲ್ಕು ಹಾರಿದ ಸದ್ದಿಗೆ ಉಳಿದವೂ ಹಾರುತ್ತವೆ ಎಂಬುದು ಅವರ ವಿವರಣೆ. ಚ ಅಂತೂ ಪ್ರತಿ ಪ್ರಶ್ನೆಯ ಎದುರಿಗೂ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಎಲ್ಲಿ ಮೋಸವಿದೆಯೋ ಎಂದು ಹುಡುಕುತ್ತ ಅರ್ಧ ಪತ್ರಿಕೆಯನ್ನು ಖಾಲಿ ಬಿಟ್ಟಿದ್ದಳು. ಒಗಟುಗಳನ್ನು ನಿಲ್ಲಿಸುವುದೇ ಒಳ್ಳೆಯದು ಎಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ಆ ಸಲಹೆಯಲ್ಲಿ ಹುರುಳಿಲ್ಲದಿರಲಿಲ್ಲ.

ಇದರ ಮೂಲವನ್ನು ಮನಃಶಾಸ್ತ್ರ ಬಹಳ ಹಿಂದೆಯೇ ಗುರುತಿಸಿದೆ. ಏಬ್ರಹಾಂ ಲೂಚಿನ್ಸ್ 1942ರಲ್ಲಿ ಪ್ರಕಟಿಸಿದ ನೀರಿನ ಜಾಡಿಗಳ ಪ್ರಯೋಗದಲ್ಲಿ 21, 127 ಮತ್ತು 3 ಅಳತೆಯ ಜಾಡಿಗಳಿಂದ 100 ಅಳತೆಯ ನೀರು ಪಡೆಯಬೇಕಿತ್ತು: 127ರಿಂದ 21ನ್ನು ಒಂದು ಸಲ, 3ನ್ನು ಎರಡು ಸಲ ಕಳೆದರೆ ಆಯಿತು. ಇದೇ ದಾರಿಯ ಹಲವು ಲೆಕ್ಕ ಮಾಡಿದವರಿಗೆ ಆಮೇಲೆ 23, 49, 3 ಅಳತೆಯ ಜಾಡಿಗಳಿಂದ 20 ಪಡೆಯಲು ಹೇಳಿದಾಗ, 23ರಿಂದ 3 ಕಳೆದರೆ ಮುಗಿಯಿತು ಎಂಬುದು ಬಹಳ ಮಂದಿಗೆ ಕಾಣಲಿಲ್ಲ. ಹಳೆಯ ಸುತ್ತುದಾರಿಯನ್ನೇ ಹಿಡಿದರು. ಇಲ್ಲಿಯೂ ಆದದ್ದು ಅದೇ. ಅಂಕಿ ಕಂಡರೆ ಲೆಕ್ಕ ಮಾಡು ಎಂಬ ಹಳೆಯ ಚಾಳಿಯ ಜಾಗದಲ್ಲಿ, ಪ್ರಶ್ನೆ ಕಂಡರೆ ಮೋಸ ಹುಡುಕು ಎಂಬ ಹೊಸ ಚಾಳಿ ಬಂದು ಕುಳಿತಿತ್ತು. ಎರಡರಲ್ಲೂ ಓದು ಇಲ್ಲ.

ಶಿಕ್ಷಕಿ ಒಗಟುಗಳನ್ನು ನಿಲ್ಲಿಸಲಿಲ್ಲ. ಅವುಗಳನ್ನು ಸಾಮಾನ್ಯ ಲೆಕ್ಕಗಳ ನಡುವೆ ಬೆರೆಸಿದರು. ಚೀಟಿಗಳ ಕಟ್ಟೊಂದನ್ನು ಗುಂಪುಗಳಿಗೆ ಕೊಟ್ಟು, ಯಾವುದನ್ನೂ ಬಿಡಿಸದೆ ಮೂರು ರಾಶಿ ಮಾಡಲು ಹೇಳಿದರು: ಒಂದೇ ಅರ್ಥ ಇರುವವು, ಒಂದಕ್ಕಿಂತ ಹೆಚ್ಚು ಅರ್ಥ ಇರುವವು, ಉತ್ತರಿಸಲು ಬೇಕಾದ ಮಾಹಿತಿಯೇ ಇಲ್ಲದವು. ಕಪ್ತಾನನ ವಯಸ್ಸಿನ ಪ್ರಶ್ನೆ ಮೂರನೆಯ ರಾಶಿಗೆ ಹೋಗಬೇಕಾದದ್ದು. ಜೊತೆಗೆ ಒಂದು ಷರತ್ತು ಇತ್ತು, ಇಡೀ ಪ್ರಯೋಗದಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಅದೇ ಎಂದು ನನಗನ್ನಿಸುತ್ತದೆ. ಎರಡನೆಯ ಅರ್ಥವಿದೆ ಎನ್ನುವವರು ಅದಕ್ಕೆ ಆಧಾರವಾದ ಪದವನ್ನೋ ಪ್ರತ್ಯಯವನ್ನೋ ಚೀಟಿಯಲ್ಲೇ ಬೆರಳಿಟ್ಟು ತೋರಿಸಬೇಕು. ಹಕ್ಕಿಯ ಲೆಕ್ಕ ಮತ್ತೆ ಬಂದಾಗ, ಉಳಿದವು ಹೆದರುತ್ತವೆ ಎಂಬುದಕ್ಕೆ ಬೆರಳಿಡಲು ಚೀಟಿಯಲ್ಲಿ ಜಾಗವೇ ಇರಲಿಲ್ಲ. ಚ ಬಹಳ ಹೊತ್ತು ಹುಡುಕಿ, ಅದನ್ನು ತಾನೇ ಮೊದಲ ರಾಶಿಗೆ ಹಾಕಿದಳು. ಊಹೆಯನ್ನೂ ಆಧಾರವನ್ನೂ ಬೇರ್ಪಡಿಸುವುದೇ ವಿಮರ್ಶಾತ್ಮಕ ಚಿಂತನೆಯ ಮೊದಲ ಮೆಟ್ಟಿಲಾದರೆ, ಆ ಮೆಟ್ಟಿಲನ್ನು ಅವಳು ಹತ್ತಿದ್ದು ಅಲ್ಲಿ.

ಇದೇ ಕಟ್ಟಿನಲ್ಲಿ ಒಂದು ಚೀಟಿ ಬೇರೆ ಬಗೆಯದಾಗಿತ್ತು. ಎರಡು ಕೋಲುಗಳ ಒಟ್ಟು ಉದ್ದ 110 ಸೆಂಟಿಮೀಟರ್, ಒಂದು ಇನ್ನೊಂದಕ್ಕಿಂತ 100 ಸೆಂಟಿಮೀಟರ್ ಉದ್ದ, ಚಿಕ್ಕದರ ಉದ್ದವೆಷ್ಟು? ತಟ್ಟನೆ ಹೊಳೆದ ಉತ್ತರವನ್ನು ತಡೆದು ಯೋಚಿಸುತ್ತೇವೆಯೇ ಎಂದು ಅಳೆಯಲು ಸಂಶೋಧಕ ಶೇನ್ ಫ್ರೆಡರಿಕ್ 2005ರಲ್ಲಿ ಪ್ರಕಟಿಸಿದ ಮೂರು ಪ್ರಶ್ನೆಗಳ ಪರೀಕ್ಷೆಯಲ್ಲಿ ಇದೇ ರಚನೆಯ ಪ್ರಶ್ನೆಯೊಂದಿದೆ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲೂ ಬಹಳ ಮಂದಿ ಅದರಲ್ಲಿ ಎಡವಿದರು. ಇದರಲ್ಲಿ ಶ್ಲೇಷೆಯಿಲ್ಲ, ಅರ್ಥ ಒಂದೇ. ಆದರೂ 10 ಎಂಬ ತಪ್ಪು ಉತ್ತರ ತಾನಾಗಿ ನಾಲಗೆಗೆ ಬರುತ್ತದೆ. ಮಕ್ಕಳು ಕೋಲುಗಳ ಚಿತ್ರ ಬರೆದು, 10 ಮತ್ತು 100ರ ನಡುವಿನ ವ್ಯತ್ಯಾಸ 90 ಮಾತ್ರ ಎಂದು ನೋಡಿ, 5 ಮತ್ತು 105ಕ್ಕೆ ಬಂದರು. ಪದಗಳಲ್ಲಿರುವ ತೊಡಕನ್ನೂ ನಮ್ಮ ಆತುರದಲ್ಲಿರುವ ತೊಡಕನ್ನೂ ಬೇರೆ ಬೇರೆಯಾಗಿ ಕಾಣಲು ಈ ಚೀಟಿ ನೆರವಾಯಿತು.

ಮಕ್ಕಳೇ ಒಗಟು ಕಟ್ಟಿದಾಗ

ಬಿಡಿಸುವುದರಿಂದ ಕಟ್ಟುವುದಕ್ಕೆ ಹೋದದ್ದು ಮುಂದಿನ ಹೆಜ್ಜೆ. ಕನ್ನಡದ ಸಂಖ್ಯಾವಾಚಕಗಳಲ್ಲಿ ಕೆಲವು ಕ್ರಿಯಾಪದಗಳೂ ಆಗಿರುವುದರಿಂದ ಸಾಮಗ್ರಿಗೆ ಬರವಿರಲಿಲ್ಲ. ಕ ತಂದ ಒಗಟು ಹೀಗಿತ್ತು: ‘ಏಳು ಎಂದರೂ ಏಳದವನು ಒಬ್ಬ, ಹತ್ತು ಎಂದರೂ ಹತ್ತದವನು ಒಬ್ಬ, ಗಾಳಿ ಬೀಸಿದರೂ ಆರದವನು ಒಬ್ಬ, ಮೂವರೂ ಸೇರಿದರೆ ಇಪ್ಪತ್ತಮೂರು. ಯಾರವರು?’ ಎಲ್ಲರೂ ಮೆಚ್ಚಿದರು. ಆದರೆ ಶಿಕ್ಷಕಿ ಕೇಳಿದ್ದು, ಇಪ್ಪತ್ತಮೂರು ಎಂಬ ಮಾತನ್ನು ಅಳಿಸಿದರೆ ಒಗಟಿಗೆ ಏನಾದರೂ ಕೊರತೆಯಾಗುತ್ತದೆಯೇ ಎಂದು. ಏನೂ ಆಗುವುದಿಲ್ಲ, ಮೊತ್ತ ಅಲ್ಲಿ ಅಲಂಕಾರಕ್ಕಷ್ಟೇ ಇತ್ತು. ಕ ಒಗಟನ್ನು ತಿದ್ದಿ ತಂದ: ‘ಏಳು ಎಂದರೂ ಏಳದವನು ಒಬ್ಬ, ಹತ್ತು ಎಂದರೂ ಹತ್ತದವನು ಒಬ್ಬ, ಮೂರನೆಯವನು ಮೂಗ, ಮೂವರೂ ಸೇರಿದರೆ ಇಪ್ಪತ್ತೊಂದು. ಮೂಗ ಯಾರು?’ ಈಗ ಮೊತ್ತವಿಲ್ಲದೆ ನಾಲ್ಕು ಸಿಗುವುದಿಲ್ಲ. ಅನಗತ್ಯ ಮಾಹಿತಿ, ಅಗತ್ಯ ಷರತ್ತು, ಒಂದೇ ಉತ್ತರ ಬರುವಂತೆ ಮಾಡಲು ಎಷ್ಟು ಸುಳಿವು ಸಾಕು ಎಂಬ ಪ್ರಶ್ನೆಗಳು ಬೀಜಗಣಿತದ ಹೊಸ್ತಿಲಿನವು. ಸಮೀಕರಣ ಎಂಬ ಶಬ್ದ ಬರುವ ಮೊದಲೇ ಆ ಹುಡುಗ ಅವುಗಳೊಂದಿಗೆ ಕುಸ್ತಿ ಮಾಡಿದ.

ಏನು ಬದಲಾಯಿತು, ಏನು ಬದಲಾಗಲಿಲ್ಲ

ಅವಧಿಯ ಕೊನೆಗೆ, ಹೇಳಿಕೆ ಲೆಕ್ಕವನ್ನು ಅಂಕಿಗಳಿಲ್ಲದೆ ಮರಳಿ ಹೇಳುವ ಪರೀಕ್ಷೆಯನ್ನು ಮತ್ತೆ ಮಾಡಲಾಯಿತು. ಹೆಚ್ಚಿನ ಮಕ್ಕಳು ಸಂಗತಿಯನ್ನು ಹೇಳಬಲ್ಲವರಾಗಿದ್ದರು. ಉತ್ತರ ಪತ್ರಿಕೆಗಳಲ್ಲಿ ಪದಗಳ ಕೆಳಗೆ ಗೆರೆ ಎಳೆದದ್ದು, ‘ಹೀಗೆ ಓದಿದರೆ’ ಎಂದು ಷರತ್ತು ಬರೆದದ್ದು ಕಾಣತೊಡಗಿತ್ತು. ಲೆಕ್ಕ ಮಾಡುವ ಕೌಶಲದಲ್ಲಿಯೇ ಹಿಂದಿದ್ದ ಒಬ್ಬಿಬ್ಬರಿಗೆ ಮಾತ್ರ ಇದರಿಂದ ಪ್ರಯೋಜನ ಕಡಿಮೆ. ಪ್ರಶ್ನೆಯನ್ನು ಸರಿಯಾಗಿ ಓದಿ, ಭಾಗಾಕಾರದಲ್ಲಿ ತಪ್ಪುತ್ತಿದ್ದರು. ಅವರಿಗೆ ಬೇಕಿದ್ದದ್ದು ಅಭ್ಯಾಸವೇ, ಅದನ್ನು ಪ್ರತ್ಯೇಕವಾಗಿ ಕೊಡಲಾಯಿತು. ಹಲವು ಹಂತಗಳ ಲೆಕ್ಕಗಳಲ್ಲಿಯೂ ಸುಧಾರಣೆ ನಿಧಾನವಾಗಿತ್ತು. ಒಗಟು ಬಹುಪಾಲು ಒಂದೇ ಹೊರಳಿನ ಮೇಲೆ ನಿಂತಿರುವುದರಿಂದ ಅದು ಸಹಜವೇ.

ಹೆಚ್ಚು ಯೋಚನೆಗೆ ಹಚ್ಚಿದ್ದು ಪ ಎಂಬ ಹುಡುಗನ ಸ್ಥಿತಿ. ಅವನ ಮನೆಮಾತು ಬೇರೆ. ಲೆಕ್ಕದಲ್ಲಿ ಮುಂದಿದ್ದ ಅವನು ಒಗಟಿನ ಹೊತ್ತಿಗೆ ಮಂಕಾಗುತ್ತಿದ್ದ, ಏಕೆಂದರೆ ಶ್ಲೇಷೆ ಭಾಷೆಯ ಒಳಗಿನವರಿಗಷ್ಟೇ ತಟ್ಟನೆ ಕೇಳಿಸುತ್ತದೆ. ಮಾತಿನ ಒಗಟನ್ನು ಬುದ್ಧಿಯ ಅಳತೆಗೋಲು ಮಾಡಿಕೊಂಡರೆ ಇಂಥ ಮಕ್ಕಳಿಗೆ ಅನ್ಯಾಯವಾಗುತ್ತದೆ. ಶಿಕ್ಷಕಿ ಅವನ ಮನೆಮಾತಿನಲ್ಲಿ ಕಾಲು, ಅರ್ಧ, ಮುಕ್ಕಾಲಿಗೆ ಏನೆನ್ನುತ್ತಾರೆ ಎಂದು ಕೇಳಿ, ಆ ಪದಗಳನ್ನೂ ಬೋರ್ಡಿಗೆ ಏರಿಸಿದರು. ರಾಶಿ ಮಾಡುವ ಚಟುವಟಿಕೆಯಲ್ಲಿ ಭಾಷೆಗಿಂತ ಪರಿಮಾಣದ ಮೇಲೆ ನಿಂತ ಚೀಟಿಗಳ ಪಾಲನ್ನು ಹೆಚ್ಚಿಸಿದರು. ಕೋಲುಗಳ ಲೆಕ್ಕಕ್ಕೆ ಮೊದಲು ಚಿತ್ರ ಬರೆದು ತೋರಿಸಿದವನು ಅವನೇ.

ಇದೇ ಒಗಟುಗಳ ಪಟ್ಟಿಯನ್ನು ಇನ್ನೊಂದು ತರಗತಿಯ ಶಿಕ್ಷಕರು ತೆಗೆದುಕೊಂಡು ಹೋಗಿ, ನಿಯಮಗಳಿಲ್ಲದೆ ಬಳಸಿದರು. ಅಲ್ಲಿ ನಗು ಮಾತ್ರ ಬಂತು. ಕೆಲಸ ಮಾಡಿದ್ದು ಪಟ್ಟಿಯಲ್ಲ. ಉತ್ತರವನ್ನು ತಡೆಹಿಡಿದ ಆ ಕೆಲವು ನಿಮಿಷಗಳು, ಆಧಾರ ತೋರಿಸು ಎಂಬ ಷರತ್ತು, ಮತ್ತು ಒಗಟಿನಿಂದ ಸಾಮಾನ್ಯ ಲೆಕ್ಕಕ್ಕೆ ಮರಳುವ ದಾರಿ.

ಕೊನೆಯದಾಗಿ ಒಂದು ಘಟನೆ. ವಾರ್ಷಿಕ ಪರೀಕ್ಷೆಗೆ ಮುನ್ನ ನಡೆದ ಪರೀಕ್ಷೆಯ ಪ್ರಶ್ನೆಪತ್ರಿಕೆ ಹೊರಗಿನಿಂದ ಬಂದದ್ದು. ಅದರಲ್ಲಿ, ಮೊದಲ ತೊಟ್ಟಿಯಲ್ಲಿ 12 ಲೀಟರ್ ನೀರಿದೆ, ಎರಡನೆಯದರಲ್ಲಿ ಅದಕ್ಕಿಂತ ಮೂರು ಪಟ್ಟು ಹೆಚ್ಚು ನೀರಿದೆ, ಎರಡನೆಯದರಲ್ಲಿ ಎಷ್ಟಿದೆ ಎಂಬ ಪ್ರಶ್ನೆಯಿತ್ತು. ಮಾದರಿ ಉತ್ತರ 36. ತ ಬರೆದದ್ದು ಎರಡು ಸಾಲು: ‘ಮೂರು ಪಟ್ಟು ಎಂದರೆ 36. ಅದಕ್ಕಿಂತ ಮೂರು ಪಟ್ಟು ಹೆಚ್ಚು ಎಂದರೆ 12ರ ಮೇಲೆ 36, ಆದ್ದರಿಂದ 48.’ ಇನ್ನೂ ಕೆಲವರು ಹೀಗೆಯೇ ಬರೆದಿದ್ದರು. ಮಾದರಿ ಉತ್ತರದ ಪ್ರಕಾರ ಅಂಕ ಕೊಡುವಂತಿರಲಿಲ್ಲ. ಶಿಕ್ಷಕಿ ಮೌಲ್ಯಮಾಪನದ ಸಭೆಯಲ್ಲಿ ವಿಷಯ ಎತ್ತಿದರು. ಓದನ್ನು ಸ್ಪಷ್ಟವಾಗಿ ಬರೆದು ಅದಕ್ಕೆ ತಕ್ಕ ಲೆಕ್ಕ ಮಾಡಿದವರಿಗೆ ಪೂರ್ಣ ಅಂಕ, ಏನೂ ವಿವರಿಸದೆ 48 ಬರೆದವರನ್ನು ಕರೆದು ಕೇಳಿ ಅಂಕ ಎಂದು ತೀರ್ಮಾನವಾಯಿತು. ಪ್ರಶ್ನೆಯನ್ನು ಹೇಗೆ ತಿದ್ದಬೇಕು ಎಂಬುದನ್ನು ಅವರು ಮಕ್ಕಳಿಗೇ ಬಿಟ್ಟರು. ‘ಎರಡನೆಯ ತೊಟ್ಟಿಯಲ್ಲಿ ಮೊದಲನೆಯದರ ಮೂರು ಪಟ್ಟು ನೀರಿದೆ’ ಎಂದು ಪ ತಿದ್ದಿಕೊಟ್ಟ ವಾಕ್ಯವೇ ಶಾಲೆಯ ಪ್ರಶ್ನೆಕೋಶಕ್ಕೆ ಹೋಯಿತು.